ಎರಡು ಚಮಚ ಎಣ್ಣೆಗೆ ಇಷ್ಟೊಂದು ಭಯವೇ?

"ಎಂತ ಮಾರಾಯ್ತಿ, ನೀನಿನ್ನೂ ಪಲ್ಯಕ್ಕೆ ಒಗ್ಗರಣೆ ಹಾಕ್ತೀಯಾ? ನಾನು ಬಿಟ್ಟು ಆರು ತಿಂಗಳಾಯ್ತು. ತರಕಾರಿ ಹಬೆಯಲ್ಲಿ ಬೇಯಿಸೋದು, ಉಪ್ಪು-ನಿಂಬೆಹುಳಿ ಹಿಂಡೋದು, ತಿನ್ನೋದು. ಅಷ್ಟೇ!"

ಬೆಂಗಳೂರಿನಲ್ಲಿರುವ ನನ್ನ ಕಾಲೇಜು ಗೆಳತಿ ಮೊನ್ನೆ ಫೋನಿನಲ್ಲಿ ಹೀಗೆ ಹೇಳಿದಾಗ ನಾನು ನಗಲಿಲ್ಲ. ಯಾಕೆಂದರೆ ಕೆಲವು ವರ್ಷಗಳ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಒಂದೆರಡು ದಿನವಲ್ಲ, ಬರೋಬ್ಬರಿ ಎಂಟು ತಿಂಗಳು. ಅದೂ ಎಲ್ಲಿ? ಅಂಗಳಕ್ಕಿಳಿದರೆ ತೆಂಗಿನಮರ, ಹಿತ್ತಿಲಿಗೆ ಹೋದರೆ ಬಸಳೆ ಚಪ್ಪರ ಇರುವ ಮುಂಡಾಜೆಯ ಮನೆಯಲ್ಲಿ!

ನೀವೂ ಈಗ ಬಾಣಲೆಗೆ ಎಣ್ಣೆ ಹಾಕುವಾಗ ಕೈ ಹಿಂದೆಮುಂದೆ ಮಾಡುತ್ತೀರಾ? ಎಣ್ಣೆಯೇ ಇಲ್ಲದ ಅಡುಗೆ ಮಾಡಿದರೆ ಮನೆಯವರ ಹೃದಯ ಕಾಪಾಡಿದಂತೆ ಎಂದುಕೊಂಡಿದ್ದೀರಾ? ಹಾಗಾದರೆ ನನ್ನ ಕಥೆಯನ್ನೊಮ್ಮೆ ಕೇಳಿ. ನಾನು ವೈದ್ಯೆಯಲ್ಲ, ಬಿ.ಎ. ಓದಿದ ಗೃಹಿಣಿ. ಆದರೆ ತಪ್ಪು ಮಾಡಿ ಕಲಿತ ಪಾಠ ಬೇಗ ಮರೆಯುವುದಿಲ್ಲ ನೋಡಿ.

ಒಂದು ರಿಪೋರ್ಟು ಬಂತು, ಬಾಣಲೆ ಅಟ್ಟ ಸೇರಿತು

ನಮ್ಮವರಿಗೆ ಆಗ ನಲವತ್ತೆರಡು. ತೋಟ, ಅಡಿಕೆ, ಪೇಟೆ ಅಂತ ಓಡಾಡಿಕೊಂಡಿದ್ದವರು ಒಮ್ಮೆ ಸುಮ್ಮನೆ ರಕ್ತ ಪರೀಕ್ಷೆ ಮಾಡಿಸಿದರು. ಕೊಲೆಸ್ಟರಾಲ್ 250 ದಾಟಿತ್ತು. ವೈದ್ಯರು "ಎಣ್ಣೆ ಪದಾರ್ಥ ಕಡಿಮೆ ಮಾಡಿ, ದಿನಾ ನಡೆಯಿರಿ, ಮೂರು ತಿಂಗಳು ಬಿಟ್ಟು ನೋಡೋಣ" ಎಂದರು. ಅವರು ಹೇಳಿದ್ದು 'ಕಡಿಮೆ ಮಾಡಿ' ಅಂತ. ನನ್ನ ಕಿವಿಗೆ ಬಿದ್ದದ್ದು 'ಬಿಟ್ಟುಬಿಡಿ' ಅಂತ.

ಮನೆಗೆ ಬಂದವಳೇ ಎಣ್ಣೆಯ ಡಬ್ಬಿ ಎತ್ತಿಟ್ಟೆ. ಕಬ್ಬಿಣದ ಬಾಣಲೆ ಅಟ್ಟ ಸೇರಿತು. ತೆಂಗಿನಕಾಯಿ ತುರಿಯುವುದು ವಾರಕ್ಕೆ ಒಂದೇ ಸಲ. ಹರಿವೆಯನ್ನು ನೀರಲ್ಲಿ ಬೇಯಿಸಿ ಉಪ್ಪು ಹಾಕಿ ಬಡಿಸಿದೆ. ಚೀನಿಕಾಯಿ (ನಿಮ್ಮ ಕಡೆಯ ಸಿಹಿಗುಂಬಳ) ಹೋಳು ಬೇಯಿಸಿ ಮೆಣಸಿನ ಪುಡಿ ಉದುರಿಸಿದೆ. ಬಸಳೆಗೆ ಬೆಳ್ಳುಳ್ಳಿ ಒಗ್ಗರಣೆ ಇಲ್ಲ. ತಂಬುಳಿಗೆ ಕೆನೆ ತೆಗೆದ ಮಜ್ಜಿಗೆ. ಇಡೀ ಮನೆಗೆ ಒಂದೇ ಕಾನೂನು!

ಏಳನೇ ಕ್ಲಾಸಿನ ಮಗಳು ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸಲು ಶುರು ಮಾಡಿದಳು. ನಮ್ಮವರು ಏನೂ ಹೇಳದೆ ಉಂಡು ಎದ್ದು ಹೋಗುತ್ತಿದ್ದರು. ಎಪ್ಪತ್ತಾರರ ಅತ್ತೆ ಮಾತ್ರ ಒಂದು ದಿನ ತಡೆಯಲಾರದೆ ಅಂದರು, "ಮಗಾ, ಬೇಜಾರು ಮಾಡ್ಬೇಡ. ಇದು ದನಕ್ಕೆ ಇಡುವ ಅಕ್ಕಚ್ಚಿನ ಹಾಗೆ ಉಂಟು."

ನನಗೆ ಸಿಟ್ಟು ಬಂತು. ನಾನು ಇಷ್ಟು ಕಷ್ಟಪಡುತ್ತಿರುವುದು ಇವರ ಮಗನಿಗಾಗಿಯೇ ಅಲ್ಲವೇ ಎಂದುಕೊಂಡೆ. ಆಮೇಲೆ ಅವರು ಆ ಮಾತೆತ್ತಲಿಲ್ಲ. ಆದರೆ ಅವರ ಊಟ ಕಡಿಮೆಯಾಯಿತು. ಕೈ ಬಳೆ ಸಡಿಲವಾಯಿತು. ವಯಸ್ಸಾಯಿತಲ್ಲ, ಸಹಜ ಅಂದುಕೊಂಡೆ. ಒಂದು ಮಧ್ಯಾಹ್ನ ಅವರ ಎಲೆಯಡಿಕೆ ಡಬ್ಬಿ ಒರೆಸಲು ಹೋದೆ. ಸುಣ್ಣದ ಕರಡಿಗೆಯ ಕೆಳಗೆ ಕಾಗದದಲ್ಲಿ ಸುತ್ತಿಟ್ಟ ನಾಲ್ಕು ಚೂರು ಕೊಬ್ಬರಿ, ಒಂದು ತುಂಡು ಬೆಲ್ಲ!

ತನ್ನದೇ ಮನೆಯಲ್ಲಿ, ತಾನೇ ನೆಟ್ಟ ತೆಂಗಿನ ಕೊಬ್ಬರಿಯನ್ನು, ಸೊಸೆಗೆ ಹೆದರಿ ಕದ್ದು ತಿನ್ನುವ ಹಾಗಾಗಿತ್ತು ಆ ಹಿರಿಜೀವಕ್ಕೆ. ಆವತ್ತು ನಾನು ಡಬ್ಬಿಯನ್ನು ಹಾಗೇ ಮುಚ್ಚಿಟ್ಟು ಹಿತ್ತಿಲಿಗೆ ಹೋಗಿ ಅತ್ತೆ. ಮಾರನೇ ವಾರವೇ ಆಹಾರತಜ್ಞೆಯೊಬ್ಬರ ಹತ್ತಿರ ಹೋದೆವು.

ಚೀಟಿ ಹೇಳಿದ ಸತ್ಯ

ಅವರು ಯಾವ ಡಯೆಟ್ ಚಾರ್ಟನ್ನೂ ಕೊಡಲಿಲ್ಲ. "ಒಂದು ವಾರ ಮನೆಯವರೆಲ್ಲ ಏನೇನು ತಿಂದಿರಿ, ಒಂದೂ ಬಿಡದೆ ಬರೆದುಕೊಂಡು ಬನ್ನಿ" ಎಂದರು. ಬರೆದೆ. ಬರೆಯುವಾಗಲೇ ನಾಚಿಕೆಯಾಯಿತು.

ಊಟದ ತಟ್ಟೆಯಲ್ಲಿ ಎಣ್ಣೆ ಸೊನ್ನೆ. ಆದರೆ ಸಂಜೆ ನಾಲ್ಕಕ್ಕೆ ಚಹಾದ ಜೊತೆ ಅಂಗಡಿ ಮಿಕ್ಸ್ಚರ್. ಮಗಳಿಗೆ ಶಾಲೆಯಿಂದ ಬಂದೊಡನೆ ಬೇಕರಿಯ ಪಫ್ಸ್, ಕ್ರೀಮ್ ಬಿಸ್ಕತ್ತು. ಪೇಟೆಗೆ ಹೋದ ದಿನ ನಮ್ಮವರಿಗೆ ಹೋಟೆಲಿನಲ್ಲಿ ಗೋಳಿಬಜೆ, ಬನ್ಸ್. ಊಟ ರುಚಿಸದಿದ್ದವರು ಹೊಟ್ಟೆ ತುಂಬಿಸಿಕೊಂಡದ್ದು ಇದರಲ್ಲಿ! ಸೊಪ್ಪು-ತರಕಾರಿಗೆ ಬೇಕಾಗಿದ್ದ ಎರಡು ಚಮಚ ಒಳ್ಳೆಯ ಎಣ್ಣೆಯನ್ನು ಬಾಗಿಲಿನಿಂದ ಹೊರಗಟ್ಟಿದ್ದೆ, ಬೇಡದ ಎಣ್ಣೆ ಕಿಟಕಿಯಿಂದ ಒಳಗೆ ಬಂದಿತ್ತು.

ಚೀಟಿ ಓದಿದ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ಚೆಂದದ ಸೊಪ್ಪು ಬೆಳೀತೀರಿ. ಅದರ ಸತ್ವ ಮೈಗೆ ಹತ್ತುವುದು ಬೇಡವೇ?"

ಹಲಸಿನ ಮೇಣ ಕಲಿಸುವ ಪಾಠ

ಹಲಸಿನ ಹಣ್ಣು ಕೊಯ್ಯುವಾಗ ನಾವು ಮೊದಲು ಏನು ಮಾಡುತ್ತೇವೆ? ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಳ್ಳುತ್ತೇವೆ. ಮೇಣ ಅಂಟಿದ ಮೇಲೆ ಕೊಡಗಟ್ಟಲೆ ನೀರು ಸುರಿದರೂ ಜಗ್ಗುವುದಿಲ್ಲ. ಅದೇ ಒಂದು ಹನಿ ಎಣ್ಣೆ ಹಾಕಿ ಉಜ್ಜಿ, ಬಿಟ್ಟುಕೊಳ್ಳುತ್ತದೆ. ಕೆಲವು ವಸ್ತುಗಳು ನೀರಿಗೆ ಒಲಿಯುತ್ತವೆ, ಕೆಲವು ಎಣ್ಣೆಗೆ ಮಾತ್ರ.

ಆಹಾರದಲ್ಲಿರುವ ಜೀವಸತ್ವಗಳೂ ಹಾಗೆಯೇ. ಬಿ ಗುಂಪಿನವು ಮತ್ತು ಸಿ ಜೀವಸತ್ವ ನೀರಿನಲ್ಲಿ ಕರಗುವಂಥವು. ಎ, ಡಿ, ಇ, ಕೆ ಈ ನಾಲ್ಕು ಕೊಬ್ಬಿನಲ್ಲಿ ಕರಗುವಂಥವು. ಸೊಪ್ಪು, ಕ್ಯಾರೆಟ್, ಚೀನಿಕಾಯಿಗಳಲ್ಲಿ ಎ ಜೀವಸತ್ವ ನೇರವಾಗಿ ಇರುವುದಿಲ್ಲ. ಅಲ್ಲಿರುವುದು ಬೀಟಾ ಕೆರೋಟಿನ್ ಎಂಬ ಹಳದಿ-ಕಿತ್ತಳೆ ಬಣ್ಣದ ವಸ್ತು. ನಮ್ಮ ದೇಹ ಅದನ್ನು ಎ ಜೀವಸತ್ವವಾಗಿ ಬದಲಾಯಿಸಿಕೊಳ್ಳುತ್ತದೆ. ಹಸಿರು ಸೊಪ್ಪಿನಲ್ಲೂ ಈ ಬಣ್ಣ ಧಾರಾಳವಾಗಿದೆ, ಹಸಿರಿನ ಮರೆಯಲ್ಲಿ ನಮಗೆ ಕಾಣುವುದಿಲ್ಲ ಅಷ್ಟೇ. ಕ್ಯಾರೆಟ್ ಪಲ್ಯ ಮಾಡಿದಾಗ ಬಾಣಲೆಯ ಅಂಚಿನಲ್ಲಿ ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ನೋಡಿದ್ದೀರಲ್ಲ? ಅದೇ ಬೀಟಾ ಕೆರೋಟಿನ್, ತರಕಾರಿಯಿಂದ ಹೊರಬಂದು ಎಣ್ಣೆಯಲ್ಲಿ ಕರಗಿದ್ದು.

"ಹರಿವೆ ಬೇಯಿಸಿದರೆ ನೀರೂ ಕೆಂಪಾಗುತ್ತದಲ್ಲ?" ಎಂದು ಕೇಳಬಹುದು. ಅದು ಬೇರೆ ಬಣ್ಣ, ಬೀಟ್‌ರೂಟಿನ ಕೆಂಪಿನ ಜಾತಿಯದು. ಅದು ನೀರಿಗೆ ಬಿಡುತ್ತದೆ. ಕೆರೋಟಿನ್ ಎಲೆಯೊಳಗೇ ಕೂತಿರುತ್ತದೆ.

ಇನ್ನು ಹೊಟ್ಟೆಯೊಳಗೆ ಆಗುವುದೇನು? ಊಟದಲ್ಲಿ ಸ್ವಲ್ಪ ಕೊಬ್ಬು ಇದ್ದರೆ ಸಣ್ಣ ಕರುಳು ಅದನ್ನು ಗುರುತಿಸಿ ಪಿತ್ತಕೋಶಕ್ಕೆ ಸುದ್ದಿ ಕಳಿಸುತ್ತದೆ. ಪಿತ್ತರಸ ಇಳಿಯುತ್ತದೆ. ಸಾಬೂನು ಜಿಡ್ಡನ್ನು ಒಡೆಯುವ ಹಾಗೆ ಅದು ಕೊಬ್ಬನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಕೆರೋಟಿನ್, ಇ, ಕೆ ಮೊದಲಾದವು ಈ ಹನಿಗಳೊಳಗೆ ಸೇರಿಕೊಂಡು ಕರುಳಿನ ಗೋಡೆ ದಾಟಿ ರಕ್ತ ಸೇರುತ್ತವೆ. ಕೊಬ್ಬೇ ಇಲ್ಲದಿದ್ದರೆ? ಬಸ್ಸೇ ಇಲ್ಲದ ಸ್ಟಾಪಿನಲ್ಲಿ ಕಾದು ನಿಂತ ಪ್ರಯಾಣಿಕರ ಸ್ಥಿತಿ! ಸತ್ವದ ಬಹುಪಾಲು ಬಂದ ದಾರಿಯಲ್ಲೇ ಮುಂದೆ ಸಾಗಿ ಹೊರಗೆ ಹೋಗುತ್ತದೆ.

ಎ ಜೀವಸತ್ವ ಕಣ್ಣಿಗೆ, ಚರ್ಮಕ್ಕೆ, ರೋಗ ನಿರೋಧಕ ಶಕ್ತಿಗೆ ಬೇಕು. ಅದರ ತೀವ್ರ ಕೊರತೆಯಾದ ಮಕ್ಕಳಿಗೆ ಮೊದಲು ಇರುಳುಗಣ್ಣು, ಆಮೇಲೆ ಪೂರ್ತಿ ಕುರುಡೇ ಬರಬಹುದು. ನಮ್ಮ ದೇಶದಲ್ಲಿ 1970ರಿಂದ ಪುಟ್ಟ ಮಕ್ಕಳಿಗೆ ಎ ಜೀವಸತ್ವದ ದ್ರಾವಣ ಕುಡಿಸುವ ಸರ್ಕಾರಿ ಕಾರ್ಯಕ್ರಮ ಶುರುವಾದದ್ದು ಇದೇ ಕಾರಣಕ್ಕೆ. ಕೆ ಜೀವಸತ್ವ ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕು. ಇ ಜೀವಸತ್ವ ಜೀವಕೋಶಗಳನ್ನು ಕಾಯುತ್ತದೆ.

ಪರೀಕ್ಷೆ ಮಾಡಿದವರು ಏನಂತಾರೆ?

ಇದು ಬರೀ ಅಜ್ಜಿ ಮಾತಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1980ರಲ್ಲೇ ಇದನ್ನು ಮಕ್ಕಳಲ್ಲಿ ಪರೀಕ್ಷಿಸಿ ಪ್ರಕಟಿಸಿದ್ದರು. ಸೊಪ್ಪಿನ ಊಟದ ಜೊತೆ ಸ್ವಲ್ಪ ಎಣ್ಣೆ ಸೇರಿಸಿದಾಗ ಕೆರೋಟಿನ್ ಹೀರುವಿಕೆ ಚೆನ್ನಾಗಿ ಆಯಿತು. ಅದಕ್ಕೆ ಐದು ಗ್ರಾಂನಷ್ಟು, ಅಂದರೆ ಒಂದು ಟೀ ಚಮಚದಷ್ಟು ಸಾಕಾಗಿತ್ತು.

ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದವರು 2004ರಲ್ಲಿ ಹಸಿ ತರಕಾರಿ ಸಲಾಡಿನ ಮೇಲೆ ಇಂಥದೇ ಪ್ರಯೋಗ ಮಾಡಿದರು. ಅದೇ ತರಕಾರಿ, ಅದೇ ಜನ. ಒಮ್ಮೆ ಕೊಬ್ಬಿಲ್ಲದ ಡ್ರೆಸಿಂಗ್, ಒಮ್ಮೆ ಸ್ವಲ್ಪ ಕೊಬ್ಬಿನದು, ಒಮ್ಮೆ ಹೆಚ್ಚು ಕೊಬ್ಬಿನದು. ಕೊಬ್ಬಿಲ್ಲದೆ ತಿಂದಾಗ ರಕ್ತದಲ್ಲಿ ಕೆರೋಟಿನ್ ಹೆಚ್ಚುಕಡಿಮೆ ಏರಲೇ ಇಲ್ಲ! ಅಲ್ಲಿಯ ಪರ್ಡ್ಯೂ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಸ್ವಾರಸ್ಯ. ಕೊಬ್ಬಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಏಕ ಅಪರ್ಯಾಪ್ತ ಕೊಬ್ಬು ಹೆಚ್ಚಿರುವ ಎಣ್ಣೆಯಾದರೆ ಬರೀ 3 ಗ್ರಾಂ ಕೊಬ್ಬಿನಲ್ಲೇ ಕೆಲಸ ಚೆನ್ನಾಗಿ ನಡೆಯಿತು. ನಮ್ಮ ಕಡಲೆಕಾಯಿ ಎಣ್ಣೆಯಲ್ಲಿ ಈ ಬಗೆಯ ಕೊಬ್ಬು ಸುಮಾರು ಅರ್ಧದಷ್ಟಿದೆ.

ನಮ್ಮ ಮೈಸೂರೇನು ಕಡಿಮೆಯೇ? 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಗೊತ್ತಲ್ಲ, ಅಲ್ಲಿಯ ವಿಜ್ಞಾನಿಗಳು ನಮ್ಮ ಅಡುಗೆಮನೆಯ ಕೆಲಸಗಳನ್ನೇ ಪ್ರಯೋಗಾಲಯಕ್ಕೆ ಒಯ್ದರು. ಕ್ಯಾರೆಟ್, ಸಿಹಿಗುಂಬಳ, ಹಲವು ಬಗೆಯ ಸೊಪ್ಪುಗಳನ್ನು ಹಸಿಯಾಗಿ, ಕುಕ್ಕರಿನಲ್ಲಿ, ತೆರೆದ ಪಾತ್ರೆಯಲ್ಲಿ ಬೇಯಿಸಿ, ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ ನೋಡಿದರು. ಹಸಿಯದಕ್ಕಿಂತ ಬೇಯಿಸಿದ್ದರಲ್ಲಿ ಕೆರೋಟಿನ್ ದೇಹಕ್ಕೆ ಸುಲಭವಾಗಿ ಸಿಗುವಂತಾಗಿತ್ತು. ಸ್ವಲ್ಪ ಎಣ್ಣೆ ಹಾಕಿ ಬಾಡಿಸಿದಾಗ ಇನ್ನೂ ಬಹಳ ಹೆಚ್ಚು. 2008ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನದ ಪ್ರಕಾರ ಅರಸಿನ, ಈರುಳ್ಳಿಗಳೂ ಈ ಕೆಲಸಕ್ಕೆ ಕೈಜೋಡಿಸುತ್ತವೆ. ಎಣ್ಣೆ, ಈರುಳ್ಳಿ, ಚಿಟಿಕೆ ಅರಸಿನ... ಇದು ನಮ್ಮ ದಿನನಿತ್ಯದ ಪಲ್ಯವೇ ಅಲ್ಲವೇ?

ಆಟಿಯ ಅಡುಗೆಯಲ್ಲಿ ಅಡಗಿದ ಲೆಕ್ಕ

ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನಮ್ಮೂರಲ್ಲಿ ಮಳೆ ಅಂದರೆ ಮಳೆ. ಆಟಿ ತಿಂಗಳಲ್ಲಿ ಪೇಟೆಗೆ ಹೋಗಿ ತರಕಾರಿ ತರುವುದು ಹಿಂದೆಲ್ಲ ಆಗದ ಮಾತು. ಹಿತ್ತಿಲಲ್ಲಿ, ತೋಟದ ಬದುವಿನಲ್ಲಿ ತಾನಾಗಿ ಎದ್ದ ಸೊಪ್ಪುಗಳೇ ಗತಿ. ತಗತೆ ಸೊಪ್ಪು, ಕೆಸು, ಒಂದೆಲಗ (ತುಳುವಿನಲ್ಲಿ ತಿಮರೆ), ನುಗ್ಗೆಯ ಚಿಗುರು. ತುಳುವರ ಮನೆಯಿರಲಿ, ಹವ್ಯಕರ ಮನೆಯಿರಲಿ, ಚಿತ್ಪಾವನರ ಮನೆಯಿರಲಿ, ಈ ಸೊಪ್ಪುಗಳನ್ನು ಬರೀ ನೀರಲ್ಲಿ ಬೇಯಿಸಿ ತಿಂದವರಿಲ್ಲ.

ಒಂದೆಲಗದ ತಂಬುಳಿಯನ್ನೇ ತೆಗೆದುಕೊಳ್ಳಿ. ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸುತ್ತೇವೆ. ತೆಂಗಿನ ತುರಿ ಹಾಕಿ ನುಣ್ಣಗೆ ರುಬ್ಬುತ್ತೇವೆ. ಮಜ್ಜಿಗೆ ಬೆರೆಸಿ ಸಣ್ಣ ಒಗ್ಗರಣೆ ಕೊಡುತ್ತೇವೆ. ಬಾಡಿಸಿದಾಗ, ರುಬ್ಬಿದಾಗ ಎಲೆಯ ಕೋಶಗಳು ಒಡೆಯುತ್ತವೆ. ತುಪ್ಪ, ತೆಂಗು, ಮಜ್ಜಿಗೆಯ ಕೊಬ್ಬು ಸತ್ವವನ್ನು ಹಿಡಿದುಕೊಳ್ಳುತ್ತದೆ. ಪತ್ರೊಡೆಗೆ ಅರೆದ ಅಕ್ಕಿಯಲ್ಲಿ ತೆಂಗು, ಹಬೆಯಲ್ಲಿ ಬೆಂದ ಮೇಲೆ ಒಗ್ಗರಣೆ. ಬಸಳೆಗೆ ತೆಂಗಿನ ಅರಪ್ಪು, ಮೇಲೆ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಕೋಸಂಬರಿಯಂಥ ಹಸಿ ತರಕಾರಿಗೂ ಒಂದು ಹಿಡಿ ತೆಂಗಿನ ತುರಿ, ಸಾಸಿವೆ ಸಿಡಿಸಿದ ಒಂದು ಚಮಚ ಎಣ್ಣೆ.

ಹಿರಿಯರು ಕೆರೋಟಿನ್ ಹೆಸರು ಕೇಳಿದವರಲ್ಲ. ರುಚಿ ನೋಡಿ ಮಾಡಿದರು, ಮೈಗೆ ಹಿಡಿಯಿತು, ಮುಂದುವರಿಸಿದರು.

ಹಾಗಂತ ಅವರು ಮಾಡಿದ್ದೆಲ್ಲವನ್ನೂ ಅದೇ ಅಳತೆಯಲ್ಲಿ ಮಾಡಿ ಎನ್ನುತ್ತಿಲ್ಲ. ನಮ್ಮ ಅತ್ತೆ ಬಾವಿಯಿಂದ ನೀರು ಸೇದಿ, ಕಲ್ಲಲ್ಲಿ ರುಬ್ಬಿ, ಗುಡ್ಡೆಯಿಂದ ಸೊಪ್ಪಿನ ಹೊರೆ ಹೊತ್ತು ತಂದವರು. ನನಗೆ ಮಿಕ್ಸಿ ಉಂಟು, ಪಂಪು ಉಂಟು, ಗ್ಯಾಸು ಉಂಟು. ನಿಮಗೆ ಲಿಫ್ಟೂ ಉಂಟು! ಅವರು ಕರಗಿಸಿದಷ್ಟು ನಾವು ಕರಗಿಸುವುದಿಲ್ಲ. ಹಾಗಾಗಿ ಪದ್ಧತಿ ಅವರದಿರಲಿ, ಅಳತೆ ನಮ್ಮದಿರಲಿ.

ಹಾಗಾದರೆ ಎಷ್ಟು?

ಇದೇ ಮುಖ್ಯ ಪ್ರಶ್ನೆ. ಹೆಚ್ಚು ಶ್ರಮದ ಕೆಲಸ ಮಾಡದ ಹೆಂಗಸಿಗೆ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ ದಿನಕ್ಕೆ ಸುಮಾರು 20 ಗ್ರಾಂ, ಅಂಥದೇ ಗಂಡಸಿಗೆ 25 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರ ಶಿಫಾರಸಿನಲ್ಲಿ ಹೇಳಿತ್ತು. ಮೈಮುರಿದು ದುಡಿಯುವವರಿಗೆ ಇನ್ನೂ ಸ್ವಲ್ಪ ಹೆಚ್ಚು. 20 ಗ್ರಾಂ ಎಂದರೆ ನಾಲ್ಕೂವರೆ ಟೀ ಚಮಚ. ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು ಎರಡೂವರೆ ಕಿಲೋ. ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತಿದೆ, ಈ ತಿಂಗಳ ದಿನಸಿ ಚೀಟಿ ತೆಗೆದು ನೋಡಿ. ಐದು ಲೀಟರಿನ ಕ್ಯಾನು ತಿಂಗಳೊಳಗೆ ಖಾಲಿಯಾಗುತ್ತಿದ್ದರೆ ನಿಮಗೆ ಬೇಕಾಗಿರುವುದು ಈ ಲೇಖನವಲ್ಲ, ಕಡಿವಾಣ!

ನೆನಪಿಡಿ, ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ ಇದೆ. ಸತ್ವ ಹೀರಿಕೊಳ್ಳಲು ಊಟಕ್ಕೆ ಒಬ್ಬರಿಗೆ ಮೂರರಿಂದ ಐದು ಗ್ರಾಂ ಇದ್ದರೆ ಒಳ್ಳೆಯ ಆರಂಭ. ಎಣ್ಣೆ ಹತ್ತು ಪಟ್ಟು ಸುರಿದರೆ ಸತ್ವ ಹತ್ತು ಪಟ್ಟು ಹತ್ತುವುದಿಲ್ಲ, ಸೊಂಟಕ್ಕೆ ಮಾತ್ರ ಹತ್ತುತ್ತದೆ.

ಒಂದು ಲೆಕ್ಕ ನೋಡಿ. ನಾಲ್ಕು ಜನರ ಹರಿವೆ ಪಲ್ಯಕ್ಕೆ ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ, ಅಂದರೆ 9 ಗ್ರಾಂ. ಅರ್ಧ ಕಪ್ ತೆಂಗಿನ ತುರಿ, ಸುಮಾರು 40 ಗ್ರಾಂ. ಹಸಿ ತೆಂಗಿನ ತುರಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಬ್ಬು, ಅಂದರೆ 13 ಗ್ರಾಂ. ಒಟ್ಟು 22 ಗ್ರಾಂ. ನಾಲ್ವರಿಗೆ ಹಂಚಿದರೆ ತಲಾ ಐದೂವರೆ. ಅಷ್ಟು ಸಾಕು! ಸಾಂಬಾರಿಗೂ ತೆಂಗು ರುಬ್ಬಿದ ದಿನ ಪಲ್ಯಕ್ಕೆ ಒಂದೇ ಚಮಚ ಎಣ್ಣೆ ಸಾಕು. ಪ್ರತಿಯೊಂದು ಪದಾರ್ಥದಲ್ಲೂ ಎಣ್ಣೆ ಇರಬೇಕೆಂದಿಲ್ಲ, ಅದೇ ಹೊತ್ತಿನ ಊಟದಲ್ಲಿ ಎಲ್ಲಾದರೂ ಇದ್ದರೆ ಆಯಿತು.

ಯಾವ ಎಣ್ಣೆ?

ತೆಂಗಿನೆಣ್ಣೆ ನಮ್ಮೂರಿನ ಪ್ರಾಣ. ಆದರೆ ಸತ್ಯ ಹೇಳಲೇಬೇಕು. ಅದರಲ್ಲಿ ಸುಮಾರು 90 ಭಾಗ ಪರ್ಯಾಪ್ತ ಕೊಬ್ಬು. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ ಎಂದು ಅಮೆರಿಕದ ಹೃದಯ ಸಂಘ 2017ರಲ್ಲಿ ಎಚ್ಚರಿಸಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಈಗ ದಿನದ ಒಗ್ಗರಣೆಗೆ ಕಡಲೆಕಾಯಿ ಎಣ್ಣೆ ಅಥವಾ ಎಳ್ಳೆಣ್ಣೆ, ತಂಬುಳಿಗೆ ಅರ್ಧ ಚಮಚ ತುಪ್ಪ, ಬಸಳೆಗೆ ಮತ್ತು ಪತ್ರೊಡೆಗೆ ಮಾತ್ರ ತೆಂಗಿನೆಣ್ಣೆ. ಅದಿಲ್ಲದೆ ಅವು ಬಸಳೆಯೂ ಅಲ್ಲ, ಪತ್ರೊಡೆಯೂ ಅಲ್ಲ! ಎಣ್ಣೆಗಳನ್ನು ಬದಲಾಯಿಸುತ್ತಾ ಬಳಸುವುದು ಒಳ್ಳೆಯದೆಂದು ಪೋಷಣಾ ತಜ್ಞರೂ ಹೇಳುತ್ತಾರೆ. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಗಗನಕ್ಕೇರಿದಾಗ ನನ್ನ ಈ ಹಂಚಿಕೆ ಪರ್ಸಿಗೂ ಹಿತವಾಯಿತೆನ್ನಿ.

ವನಸ್ಪತಿಯನ್ನು ಮಾತ್ರ ಹತ್ತಿರ ಸೇರಿಸಬೇಡಿ. ಅದರಲ್ಲಿರುತ್ತಿದ್ದ ಟ್ರಾನ್ಸ್ ಕೊಬ್ಬು ಹೃದಯದ ಶತ್ರು. ಸರ್ಕಾರ 2022ರ ಜನವರಿಯಿಂದ ಎಣ್ಣೆ-ಕೊಬ್ಬುಗಳಲ್ಲಿ ಅದಕ್ಕೆ ನೂರಕ್ಕೆ ಎರಡರ ಮಿತಿ ಹಾಕಿದೆ ನಿಜ. ಆದರೆ ಅಂಗಡಿಯವರು ಮತ್ತೆ ಮತ್ತೆ ಕಾಯಿಸಿದ ಎಣ್ಣೆಯನ್ನು ಅಳೆಯುವವರು ಯಾರು?

ನಾಳೆಯಿಂದಲೇ ಹೀಗೆ ಮಾಡಿ

* ದಿನದ ಎಣ್ಣೆಯನ್ನು ಬೆಳಿಗ್ಗೆಯೇ ಚಮಚದಲ್ಲಿ ಅಳೆದು ಪುಟ್ಟ ಬಟ್ಟಲಿಗೆ ಹಾಕಿಡಿ. ಅದು ಮುಗಿದರೆ ಆವತ್ತಿನ ಲೆಕ್ಕ ಮುಗಿಯಿತು. ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸ ಬಿಡಿ.

* ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ನೀರಲ್ಲಿ ಕರಗುವ ಸಿ ಜೀವಸತ್ವ ಸಿಂಕಿನ ಪಾಲು. ಬೇಯಿಸಿದ ನೀರನ್ನೂ ಚೆಲ್ಲಬೇಡಿ, ಸಾರಿಗೆ ಹಾಕಿ.

* ಒಗ್ಗರಣೆಯ ಎಣ್ಣೆ ಹೊಗೆಯಾಡುವಷ್ಟು ಕಾಯಬಾರದು. ಸಾಸಿವೆ ಸಿಡಿಯಿತೋ, ಉರಿ ತಗ್ಗಿಸಿ ಸೊಪ್ಪು ಹಾಕಿ, ಚಿಟಿಕೆ ಅರಸಿನ ಹಾಕಿ, ಮುಚ್ಚಿ ಐದಾರು ನಿಮಿಷ ಬೇಯಿಸಿ. ತೆಂಗಿನ ತುರಿ ಕೊನೆಗೆ.

* ಸಲಾಡ್ ಪ್ರಿಯರೇ, ಬರೀ ನಿಂಬೆರಸ ಸಾಲದು. ಹುರಿದ ಕಡಲೆಕಾಯಿ ಪುಡಿ, ಎಳ್ಳು ಅಥವಾ ತೆಂಗಿನ ತುರಿ ಎರಡು ಚಮಚ ಸೇರಿಸಿ. ಇಲ್ಲವೇ ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ ಹಾಕಿ.

* ಬೆಳಗ್ಗೆ ಬರಿಹೊಟ್ಟೆಯಲ್ಲಿ ಕ್ಯಾರೆಟ್ ಜ್ಯೂಸ್, ಸೊಪ್ಪಿನ ಜ್ಯೂಸ್ ಕುಡಿಯುವವರು ಅದನ್ನು ತಿಂಡಿಯ ಜೊತೆಗೆ ಕುಡಿಯಿರಿ. ದೋಸೆ-ಚಟ್ನಿಯ ಕೊಬ್ಬು ಅದಕ್ಕೂ ನೆರವಾಗುತ್ತದೆ.

* ಎಲ್ಲ ತರಕಾರಿಗೂ ಒಂದೇ ನಿಯಮ ಬೇಡ. ಕಡು ಹಸಿರು ಸೊಪ್ಪು, ಕ್ಯಾರೆಟ್, ಸಿಹಿಗುಂಬಳ, ಟೊಮೆಟೊ ಇವುಗಳಿಗೆ ಎಣ್ಣೆಯ ಸಾಂಗತ್ಯ ಮುಖ್ಯ. ಸೌತೆ, ಮೂಲಂಗಿ, ಸೋರೆಕಾಯಿಯನ್ನು ಎಣ್ಣೆಯಿಲ್ಲದೆ ತಿಂದರೂ ನಷ್ಟ ಕಡಿಮೆ.

* ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಕರಿಯುವುದನ್ನೇ ಹಬ್ಬಕ್ಕೆ ಮೀಸಲಿಡಿ.

* ಎರಡು ವರ್ಷದೊಳಗಿನ ಮಗುವಿನ ಊಟದಲ್ಲಿ ಎಣ್ಣೆ-ತುಪ್ಪ ಕಡಿತ ಮಾಡಬೇಡಿ. ಬೆಳೆಯುವ ಮಿದುಳಿಗೆ ಕೊಬ್ಬು ಬೇಕು.

ಒಂದು ಎಚ್ಚರಿಕೆ: ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ತೊಂದರೆ, ಹೃದ್ರೋಗ ಇರುವವರಿಗೆ ಅಳತೆ ಹೇಳಬೇಕಾದವರು ಅವರ ವೈದ್ಯರು, ನಾನಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಸೊಪ್ಪು ಹೆಚ್ಚಿಸುವುದಾಗಲೀ ಬಿಡುವುದಾಗಲೀ ಮಾಡಬಾರದು. ಸೊಪ್ಪಿನ ಕೆ ಜೀವಸತ್ವ ಆ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ.

ಬಾಣಲೆ ಕೆಳಗಿಳಿಯಿತು

ನಮ್ಮ ಮನೆಯಲ್ಲಿ ಆಮೇಲೆ ಏನಾಯಿತು? ಮಿಕ್ಸ್ಚರ್, ಪಫ್ಸ್ ನಿಂತಿತು. ಸಂಜೆಗೆ ಬೇಯಿಸಿದ ಕಡಲೆಯೋ, ಅವಲಕ್ಕಿಯೋ. ನಮ್ಮವರು ಬೆಳಿಗ್ಗೆ ಬೈಕು ಬಿಟ್ಟು ಹಾಲಿನ ಸೊಸೈಟಿಗೆ ನಡೆದೇ ಹೋಗತೊಡಗಿದರು. ವೈದ್ಯರು ಮಾತ್ರೆಯನ್ನೂ ಕೊಟ್ಟರು. ಆರು ತಿಂಗಳಲ್ಲಿ ಕೊಲೆಸ್ಟರಾಲ್ ಹಿಡಿತಕ್ಕೆ ಬಂತು. ಇದು ಒಗ್ಗರಣೆಯ ಪವಾಡ ಎಂದು ನಾನು ಹೇಳುವುದಿಲ್ಲ. ಮಾತ್ರೆ, ನಡಿಗೆ, ಬೇಕರಿಗೆ ಹಾಕಿದ ಬೀಗ, ಎಲ್ಲ ಸೇರಿ ಆದದ್ದು. ಒಗ್ಗರಣೆ ಅದಕ್ಕೆ ಅಡ್ಡಿ ಬರಲಿಲ್ಲ ಎಂಬುದಷ್ಟೇ ಮುಖ್ಯ.

ಬಾಣಲೆ ಅಟ್ಟದಿಂದ ಇಳಿದ ದಿನ ನುಗ್ಗೆ ಸೊಪ್ಪಿನ ಪಲ್ಯ ಮಾಡಿದ್ದೆ. ಎರಡು ಚಮಚ ಎಣ್ಣೆ, ಸಾಸಿವೆ, ಒಣಮೆಣಸು, ಎರಡು ಎಸಳು ಬೆಳ್ಳುಳ್ಳಿ. ಸಾಸಿವೆ ಸಿಡಿದ ಸದ್ದಿಗೆ ಅತ್ತೆ ಜಗಲಿಯಿಂದ ಎದ್ದು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಏನೂ ಮಾತಾಡಲಿಲ್ಲ. ಊಟಕ್ಕೆ ಕೂತಾಗ "ಇನ್ನೊಂದು ಸೌಟು ಅನ್ನ ಹಾಕು" ಎಂದರು. ಎಷ್ಟೋ ತಿಂಗಳ ಮೇಲೆ ಅವರು ಎರಡನೇ ಸಲ ಅನ್ನ ಕೇಳಿದ್ದು. ಅವರ ಡಬ್ಬಿಯಲ್ಲಿದ್ದ ಕೊಬ್ಬರಿಯ ವಿಷಯ ನಾನು ಇವತ್ತಿನವರೆಗೂ ಅವರ ಹತ್ತಿರ ಎತ್ತಿಲ್ಲ. ಈಗ ವಾರಕ್ಕೊಮ್ಮೆ ನಾನೇ ಎರಡು ಚೂರು ಕೊಬ್ಬರಿ, ಒಂದು ತುಂಡು ಬೆಲ್ಲ ತಟ್ಟೆಯಲ್ಲಿಟ್ಟು ಕೊಡುತ್ತೇನೆ.

ಮೊನ್ನೆ ಫೋನಿನಲ್ಲಿ ಗೆಳತಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ನಮ್ಮ ಮಾವನೂ ಈಗೀಗ ಅರ್ಧ ಊಟಕ್ಕೇ ಎದ್ದುಬಿಡ್ತಾರೆ ಮಾರಾಯ್ತಿ. ಅದಕ್ಕೇ ಇರಬಹುದಾ?"

"ವಯಸ್ಸಾದವರು ಊಟ ಬಿಟ್ಟರೆ ಕಾರಣ ಬೇರೆಯೂ ಇರಬಹುದು. ಒಮ್ಮೆ ಡಾಕ್ಟರಿಗೆ ತೋರಿಸು. ಆದರೆ ಅದಕ್ಕೆ ಮೊದಲು ಇವತ್ತು ರಾತ್ರಿ ಎರಡೇ ಚಮಚ ಎಣ್ಣೆಯಲ್ಲಿ ಪಲ್ಯ ಮಾಡಿ ಬಡಿಸಿ ನೋಡು" ಎಂದೆ.

ನಿಮಗೂ ಹೇಳುವುದು ಅಷ್ಟೇ. ಚಮಚ ಕೈಯಲ್ಲಿರಲಿ, ಅಳತೆ ನೆನಪಿರಲಿ. ಒಗ್ಗರಣೆ ಸೌಟನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ!